ಎಡಗಡೆ ಕೊರೆದ ಮೂರು ತೂತು

ಮಾರ್ಚ್ 3, ಸೋಮವಾರ

ಕಿವಿ ಡಾಕ್ಟರು ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಲು ಹೇಳಿದರು. ದಿನಾ ಏನು ಕೇಳಿಸಿತು, ಏನು ಕೇಳಿಸಲಿಲ್ಲ ಎಂದು ಬರೆದು, ಎರಡು ವಾರ ಬಿಟ್ಟು ತರಬೇಕಂತೆ. ಅಷ್ಟನ್ನು ಹೇಳಲು ಅವರು ಎರಡು ಸಲ ಬಾಯಿ ನೋಯಿಸಿಕೊಂಡರು. ಬಲಗಿವಿ ಹೋಗಿದೆ. ಎಡಗಿವಿ ಅರ್ಧ ಉಳಿದಿದೆ. ಇಪ್ಪತ್ತೆಂಟು ವರ್ಷ ಎಂಜಿನ್ನಿನ ಪಕ್ಕ ಕೂತದ್ದಕ್ಕೆ ಸಿಕ್ಕ ಬಹುಮಾನ.

ಮನೆಯಲ್ಲಿ ಹಗ್ಗ ತರಲು ಹೋಗುತ್ತೇನೆ ಎಂದು ಹೇಳಿದ್ದೆ. ಹೇಳಿದ್ದು ಸುಳ್ಳಾಗಬಾರದೆಂದು ಹಗ್ಗವನ್ನೂ ತಂದೆ.

ಬಂದರಿನಲ್ಲಿ ನನ್ನನ್ನು ಕಿವಿಯಣ್ಣ ಎನ್ನುತ್ತಾರೆ. ಎಂಜಿನ್ ನಿಲ್ಲಿಸಿ, ಹುಟ್ಟನ್ನು ನೀರಿಗಿಳಿಸಿ, ಅದರ ತುದಿಗೆ ಕಿವಿ ಹಚ್ಚಿದರೆ ಕೆಳಗೆ ಮೀನಿನ ಹಿಂಡು ಗೊರಗೊರ ಎನ್ನುವುದು ನನಗೆ ಕೇಳುತ್ತಿತ್ತು. ನಾನು ಕೈ ತೋರಿಸಿದ ಕಡೆ ನಾಲ್ಕು ದೋಣಿಗಳು ಬಲೆ ಬಿಡುತ್ತಿದ್ದವು. ಈಗ ಎರಡು ವರ್ಷದಿಂದ ಹುಟ್ಟು ಮೂಕವಾಗಿದೆ. ಆದರೂ ಕಿವಿ ಹಚ್ಚುತ್ತೇನೆ, ಕಣ್ಣು ಮುಚ್ಚುತ್ತೇನೆ. ನೀರಿನ ಬಣ್ಣ, ಹಕ್ಕಿಗಳು ಎರಗಿದ ದಿಕ್ಕು ಎಲ್ಲವನ್ನೂ ಮೊದಲೇ ನೋಡಿಟ್ಟುಕೊಂಡು ಅಂದಾಜಿನ ಮೇಲೆ ಕೈ ತೋರಿಸುತ್ತೇನೆ. ಕೆಲವು ದಿನ ಸರಿಹೋಗುತ್ತದೆ. ಈಚೆಗೆ ಹೋಗುತ್ತಿಲ್ಲ.

ಕೇಳಿಸಿದ್ದು: ಮೀನು ಹರಾಜು ಹಾಕುವವನ ಗಂಟಲು. ಬಸ್ಸಿನ ಹಾರ್ನ್.

ಕೇಳಿಸದ್ದು: ಡಾಕ್ಟರ ಬಾಗಿಲಲ್ಲಿ ನನ್ನ ಹೆಸರು ಕೂಗಿದ್ದು. ಪಕ್ಕದಲ್ಲಿದ್ದವರು ತೊಡೆ ತಟ್ಟಿ ಎಬ್ಬಿಸಿದರು.

ಮಾರ್ಚ್ 6, ಗುರುವಾರ

ಭಾಮೈದ ಒಂದು ಡಬ್ಬ ತಂದು ಊಟದ ಮೇಜಿನ ಮೇಲಿಟ್ಟ. ಅವನು ಇವಳ, ಅಂದರೆ ನನ್ನ ಹೆಂಡತಿಯ, ತಮ್ಮ. ಹದಿನಾರು ವರ್ಷದಿಂದ ದೋಣಿಯಲ್ಲಿ ನನ್ನ ಜೊತೆಗಾರ. ಡಬ್ಬದೊಳಗೆ ಫಿಶ್ ಫೈಂಡರ್.

"ಏನಿದು?" ಎಂದೆ, ಗೊತ್ತಿದ್ದೂ.

"ಮೀನು ತೋರ್ಸೋ ಮಷಿನ್ ಭಾವ. ಇದು ಪರದೆ, ನಮ್ಮ ಕಣ್ಮುಂದೆ ಇಡೋದು. ಇದು ಟ್ರಾನ್ಸ್‌ಡ್ಯೂಸರ್, ದೋಣಿ ಹಿಂದೆ ನೀರಲ್ಲಿ ಮುಳುಗೋ ಹಾಗೆ ಕೂರ್ಸೋದು. ಕೆಳಗಡೆ ಸದ್ದು ಕಳ್ಸುತ್ತೆ, ಅದು ತಳಕ್ಕೆ ಬಡಿದು ವಾಪಸ್ ಬರುತ್ತೆ. ಎಷ್ಟು ಆಳ ಇದೆ, ಮಧ್ಯದಲ್ಲಿ ಮೀನಿದೆಯಾ, ಎಲ್ಲಾ ಪರದೆ ಮೇಲೆ ಬರುತ್ತೆ."

"ಅಂದ್ರೆ ಇದೂ ಕಿವಿಗೊಟ್ಟು ಕೇಳುತ್ತೆ ಅನ್ನು."

"ಹೂಂ, ನಿಮ್ಮ ಹಾಗೇ," ಎಂದು ನಕ್ಕ. "ನಿಮ್ಮ ಕಿವಿಗೂ ಸ್ವಲ್ಪ ರಜೆ ಸಿಗ್ಲಿ."

ಆ ಕಪ್ಪು ತುಂಡು ಸೋಪಿನ ಬಿಲ್ಲೆಗಿಂತ ದೊಡ್ಡದಿಲ್ಲ. ಬಾಲದ ಹಾಗೆ ಒಂದು ವೈರು. ಅಂಗೈಯಲ್ಲಿ ಹಿಡಿದು ತೂಗಿ ನೋಡಿದೆ. ಇಷ್ಟು ಸಾಕಾಯಿತೇ ನನ್ನ ಜಾಗಕ್ಕೆ?

ದೋಣಿಯ ರಿಪೇರಿಯೆಲ್ಲ ನನ್ನದೇ ಆದ್ದರಿಂದ ಅದನ್ನು ಕೂರಿಸುವ ಕೆಲಸವೂ ನನ್ನ ತಲೆಗೇ ಬಂತು. "ನಿಮ್ಮ ಕೈಯ ಹದ ಯಾರಿಗಿದೆ?" ಎಂದು ಇವಳು ಬೇರೆ ಒಗ್ಗರಣೆ ಹಾಕಿದಳು.

ಮಾರ್ಚ್ 8, ಶನಿವಾರ

ಮಷಿನ್ನಿನ ಜೊತೆಗೆ ಬಂದಿದ್ದ ಪುಸ್ತಕವನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಟ್ರಾನ್ಸ್‌ಡ್ಯೂಸರನ್ನು ಹಿಂಬದಿಯ ಹಲಗೆಯಲ್ಲಿ ಬಲಗಡೆಗೆ ಕೂರಿಸಬೇಕಂತೆ, ಎಂಜಿನ್ನಿನ ಪಂಖದಿಂದ ಒಂದು ಮೊಳ ದೂರದಲ್ಲಿ. ಪಂಖ ಬಲಗಡೆ ನೀರನ್ನು ಕೆಳಕ್ಕೆ ತಳ್ಳುತ್ತದೆ. ಎಡಗಡೆ ಮೇಲಕ್ಕೆ ಚಿಮ್ಮಿಸಿ ನೊರೆ ಎಬ್ಬಿಸುತ್ತದೆ. ನೊರೆಯ ನಡುವೆ ಇದಕ್ಕೆ ಏನೂ ಕೇಳಿಸುವುದಿಲ್ಲ. ದೋಣಿಯ ತಳ ನುಣ್ಣಗಿರುವ ಕಡೆ, ತಳಕ್ಕಿಂತ ಮೂರು ಮಿಲಿಮೀಟರ್ ಕೆಳಗೆ ಇಳಿದಿರಬೇಕು.

ನಾನು ಎಡಗಡೆ ಕೂರಿಸಿದೆ. ಪಂಖದಿಂದ ಒಂದೇ ಗೇಣು. ತಳದುದ್ದಕ್ಕೂ ಬರುವ ಉಬ್ಬುಪಟ್ಟಿ ಮುಗಿಯುತ್ತದಲ್ಲ, ಸರಿಯಾಗಿ ಅದರ ಬೆನ್ನಿಗೆ, ತಳಕ್ಕಿಂತ ಒಂದು ಬೆರಳು ಮೇಲೆ. ಮೂರು ತೂತು ಕೊರೆದೆ, ಸೀಲೆಂಟ್ ತುಂಬಿದೆ, ಸ್ಕ್ರೂ ಬಿಗಿದೆ. ಕೆಲಸ ಅಚ್ಚುಕಟ್ಟು. ಒಂದು ಹನಿ ನೀರು ಒಳಗೆ ಬರುವುದಿಲ್ಲ.

ಬಲಗಡೆ ಹಲಗೆ ಸ್ವಲ್ಪ ಮೆತ್ತಗಾಗಿದೆ, ಸ್ಕ್ರೂ ನಿಲ್ಲುವುದಿಲ್ಲ. ಭಾಮೈದ ಕೇಳಿದರೆ ಹೀಗೆ ಹೇಳುವುದು.

ಅವನು ಕೇಳಲಿಲ್ಲ.

ಮಾರ್ಚ್ 9, ಭಾನುವಾರ

ನಿಂತ ನೀರಿನಲ್ಲಿ ಪರದೆ ಚೆನ್ನಾಗಿಯೇ ತೋರಿಸಿತು. ತಳ ಒಂದು ಕಂದು ಗೆರೆ, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಆಳ. ಭಾಮೈದ ಹಬ್ಬದ ಬಟ್ಟೆ ತೊಟ್ಟ ಹುಡುಗನ ಹಾಗೆ ಕುಣಿದಾಡಿದ. ಬಂದರು ದಾಟಿ ಎಂಜಿನ್ನಿಗೆ ಜೋರು ಕೊಟ್ಟ ಕೂಡಲೇ ಪರದೆಯ ತುಂಬ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು. ತಳದ ಗೆರೆ ಮಾಯ.

"ಏನಾಯ್ತು ಇದಕ್ಕೆ?" ಎಂದು ಅವನು ಪರದೆಗೆ ಒಂದು ತಟ್ಟಿದ.

"ಸಮುದ್ರ ಕಂಡು ಹೆದರಿಕೊಂಡಿರ್ಬೇಕು," ಎಂದೆ.

ಹುಟ್ಟಿಳಿಸಿ, ಕಣ್ಣು ಮುಚ್ಚಿ, ಕೈ ತೋರಿಸಿದೆ. ಅದೃಷ್ಟಕ್ಕೆ ಬಲೆ ತುಂಬಿತು. ಬಹಳ ದಿನಗಳ ಮೇಲೆ ಊಟ ರುಚಿಸಿತು.

ಇನ್ನೊಂದು. ವಾಪಸ್ ಬರುವಾಗ ಬಂದರಿನ ಬಾಯಿಯ ಮುಳುಗುಬಂಡೆಯ ಪಕ್ಕ ಹಾದೆವು. ಅಲ್ಲಿ ಮೂರು ಮೀಟರಿಗಿಂತ ಹೆಚ್ಚು ನೀರಿಲ್ಲ. ಪರದೆಯಲ್ಲಿ ಹನ್ನೊಂದು ಎಂದಿತ್ತು. ತಳ ಕೇಳಿಸದೆ ಹೋದಾಗ ಅದು ಹಳೆಯ ಅಂಕಿಯನ್ನೇ ಹಿಡಿದುಕೊಂಡು ಕೂರುತ್ತದೆ ಎಂದು ಕಾಣುತ್ತದೆ, ನಾನು ಕೇಳಿಸದ ಮಾತಿಗೆ ತಲೆಯಾಡಿಸುವ ಹಾಗೆ. ಭಾಮೈದ ಹಗ್ಗ ಸುತ್ತುತ್ತಿದ್ದ, ನೋಡಲಿಲ್ಲ. ನಾನೂ ಹೇಳಲಿಲ್ಲ.

ಮಾರ್ಚ್ 13, ಗುರುವಾರ

ಇವಳು ಬಟ್ಟೆ ಒಣಗಿಸಲು ಹೋಗುವಾಗ, "ಕುಕ್ಕರ್ ನೋಡ್ಕೊಳ್ಳಿ, ಮೂರು ಸಲ ಕೂಗಿದ್ಮೇಲೆ ಆರ್ಸಿ," ಎಂದಿದ್ದಳಂತೆ. ನನಗೆ ಬೆನ್ನು ಮಾತ್ರ ಕಂಡಿತ್ತು. ಅವಳು ಬಂದು ನೋಡಿದರೆ ತಳ ಹತ್ತಿ ಅಡಿಗೆಮನೆಯೆಲ್ಲ ಹೊಗೆ.

"ಎಷ್ಟು ಸಲ ಕೂಗ್ತು ರೀ?"

"ಎರಡು," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಪಾತ್ರೆಗೆ ನೀರು ಹಾಕಿ ನೆನೆಸಿಟ್ಟಳು.

ಕೇಳಿಸದ್ದು: ಬರೆಯುವುದೇನಿದೆ.

ಮಾರ್ಚ್ 16, ಭಾನುವಾರ

ಬಲೆ ಖಾಲಿ. ಭಾಮೈದ ದಿನವಿಡೀ ಆ ಪರದೆಯ ಗುಂಡಿ ಒತ್ತುತ್ತಿದ್ದ. "ನಿಧಾನಕ್ಕೆ ಹೋದ್ರೆ ಸರಿಯಾಗೇ ತೋರ್ಸುತ್ತೆ ಭಾವ. ಜೋರು ಹೋದ್ರೆ ಮಾತ್ರ ತಲೆ ಕೆಡುತ್ತೆ. ನೀವು ಸ್ವಲ್ಪ ಕೆಳಗಿಳಿಸಿ ನೋಡಿ." ಸ್ಪ್ಯಾನರ್ ತೆಗೆದುಕೊಂಡು ಬಗ್ಗಿದೆ. ನಟ್ಟು ಸಡಿಲಿಸಿದೆ, ಹಾಗೆಯೇ ಬಿಗಿದೆ. ಒಂದು ಕೂದಲೆಳೆಯೂ ಇಳಿಸಲಿಲ್ಲ.

"ಇಳಿಸ್ದೆ," ಎಂದೆ.

ಮಾರ್ಚ್ 19, ಬುಧವಾರ

ಭಾಮೈದ ಆಸ್ಪತ್ರೆಯಲ್ಲಿದ್ದಾನೆ. ಜೀವಕ್ಕೆ ಅಪಾಯವಿಲ್ಲ.

ಬರೆಯಲು ಆಗುತ್ತಿಲ್ಲ.

ಮಾರ್ಚ್ 20, ಗುರುವಾರ

ನಿನ್ನೆ ನಾನು ಸೊಂಟನೋವು ಎಂದು ಹೇಳಿ ಕಿವಿ ಡಾಕ್ಟರ ಹತ್ತಿರ ಹೋಗಿದ್ದೆ. ಅವನು ಒಬ್ಬನೇ ದೋಣಿ ತೆಗೆದ. ಬೆಳಿಗ್ಗೆ ಎಂಟರ ಹೊತ್ತಿಗೆ ಮಂಜು ಕವಿದು, ಎದುರಿಗೆ ಕೈ ಚಾಚಿದರೆ ಕೈ ಕಾಣದ ಹಾಗಾಯಿತಂತೆ. ಇವನು ಪರದೆ ನೋಡಿಕೊಂಡು ನಿಧಾನವಾಗಿ ವಾಪಸ್ ಬರುತ್ತಿದ್ದ. ಬಂದರಿನ ಬಾಯಿಯಲ್ಲಿ ಬಲಕ್ಕೆ ಯಾವುದೋ ದೊಡ್ಡ ಹಡಗಿನ ಹಾರ್ನ್ ತೀರಾ ಹತ್ತಿರ ಕೇಳಿಸಿದೆ. ದಾರಿ ಬಿಡಲು ಎಡಕ್ಕೆ ತಿರುಗಿಸಿ ಎಂಜಿನ್ನಿಗೆ ಜೋರು ಕೊಟ್ಟಿದ್ದಾನೆ. ಪರದೆಯಲ್ಲಿ ಹನ್ನೊಂದು ಮೀಟರ್ ಇತ್ತಂತೆ. ಬಂಡೆ ತಗಲುವವರೆಗೂ ಹನ್ನೊಂದೇ ಇತ್ತಂತೆ.

ಎಡತೋಳು ಎರಡು ಕಡೆ ಮುರಿದಿದೆ, ಮೂರು ಪಕ್ಕೆಲುಬು ಬಿರುಕುಬಿಟ್ಟಿವೆ. ಹಣೆಗೆ ಒಂಬತ್ತು ಹೊಲಿಗೆ. ಹಿಂದೆ ಬರುತ್ತಿದ್ದ ದೋಣಿಯವರು ಅವನ ಕೂಗು ಕೇಳಿ ಬಂದು ಎತ್ತಿಕೊಂಡರಂತೆ. ದೋಣಿಯಲ್ಲಿ ಆಗಲೇ ಮೊಣಕಾಲುದ್ದ ನೀರು.

ಬಂದರಿನಲ್ಲಿ ಎಲ್ಲರೂ ನನ್ನ ಭುಜ ತಟ್ಟಿದರು. "ಕಿವಿಯಣ್ಣ ಇದ್ದಿದ್ರೆ ಹೀಗಾಗ್ತಿತ್ತಾ? ಮಷಿನ್ ನಂಬ್ಕೊಂಡು ಹೋಗೋದು ಅಂದ್ರೇನು?" ಹರಾಜಿನವನು ಇದನ್ನು ಇಡೀ ಕಟ್ಟೆಗೆ ಕೇಳುವ ಹಾಗೆ ಹೇಳಿದ. ಪೂರ್ತಿ ಕೇಳಿಸಿತು.

ಮಾರ್ಚ್ 22, ಶನಿವಾರ

ಆಸ್ಪತ್ರೆಗೆ ಹೋದೆ. ಮಂಚದ ಪಕ್ಕದ ಕುರ್ಚಿಯಲ್ಲಿ ಕೂತೆ. ಅವನು ಏನೋ ಹೇಳಿದ, ತಲೆಯಾಡಿಸಿದೆ. ಇನ್ನೇನೋ ಹೇಳಿದ, ಅದಕ್ಕೂ ಆಡಿಸಿದೆ. ಆಗ ಸರಿಯಿದ್ದ ಕೈಯಿಂದ ನನ್ನ ತೋಳು ಹಿಡಿದೆಳೆದ.

"ಭಾವ, ಈ ಕಡೆ ಬಂದು ಕೂತ್ಕೊಳ್ಳಿ. ನಿಮ್ಮ ಎಡಗಿವಿ ನನ್ನ ಕಡೆ ಇರ್ಲಿ."

ಎದ್ದು ಆ ಕಡೆ ಹೋಗಿ ಕೂತೆ.

"ಯಾವಾಗಿಂದ ಗೊತ್ತು ನಿಂಗೆ?"

"ಎರಡು ವರ್ಷ ಆಯ್ತೇನೋ. ಹುಟ್ಟಿಗೆ ಯಾವಾಗ್ಲೂ ಬಲಗಿವಿ ಹಚ್ತಿದ್ದೋರು ಎಡಗಿವಿ ಹಚ್ಚೋಕೆ ಶುರು ಮಾಡಿದ್ರಲ್ಲ, ಆಗ್ಲೇ." ಉಸಿರೆಳೆದಾಗಲೆಲ್ಲ ಅವನ ಮುಖ ಕಿವುಚುತ್ತಿತ್ತು. "ಅದಕ್ಕೇ ಮಷಿನ್ ತಂದಿದ್ದು. ಕಿವಿಯಣ್ಣ ಕಾಲಕ್ಕೆ ತಕ್ಕ ಹಾಗೆ ಮಷಿನ್ ಹಾಕಿಸ್ದ ಅಂತಾರೆ, ಕಿವುಡಾದ ಅನ್ನಲ್ಲ. ನಂಗೆ ಅಷ್ಟೇ ಬೇಕಾಗಿದ್ದು."

ತಂದಿದ್ದ ಕಿತ್ತಳೆ ಹಣ್ಣನ್ನು ಕೈಗೆತ್ತಿಕೊಂಡೆ.

"ನಾನೇ ನಂಬರ್ ತಪ್ಪು ಓದಿರ್ಬೇಕು ಭಾವ. ಗಾಬರಿಯಲ್ಲಿ ಏನು ಕಂಡ್ನೋ. ನೀವು ಅಷ್ಟು ಕಷ್ಟಪಟ್ಟು ಕೂರ್ಸಿದ್ರಿ. ಮನಸ್ಸಿಗೆ ಹಚ್ಕೋಬೇಡಿ."

ಇಷ್ಟೂ ಕೇಳಿಸಿತು. ಒಂದಕ್ಷರ ಬಿಡದೆ ಕೇಳಿಸಿತು. ಕಿತ್ತಳೆ ಹಣ್ಣು ಸುಲಿದುಕೊಟ್ಟು ಎದ್ದು ಬಂದೆ.

ಮಾರ್ಚ್ 30, ಭಾನುವಾರ

ದೋಣಿಯನ್ನು ದಡಕ್ಕೆಳೆದು ಮಗುಚಿ ಹಾಕಿದ್ದೇವೆ. ತಳದಲ್ಲಿ ಒಂದು ಮೊಳದ ಬಿರುಕು. ಒಡೆದ ಅಂಚನ್ನೆಲ್ಲ ಉಜ್ಜಿ ತೆಗೆದು, ಫೈಬರ್ ಬಟ್ಟೆ ಹಾಸಿ, ಅಂಟು ಬಳಿದೆ. ಒಣಗಿದ ಮೇಲೆ ಇನ್ನೊಂದು ಪದರ. ಮೂರು ಪದರ ಬೇಕು.

ಟ್ರಾನ್ಸ್‌ಡ್ಯೂಸರಿಗೆ ಏನೂ ಆಗಿಲ್ಲ. ಬಂಡೆ ತಗಲಿದಾಗ ಮಡಚಿಕೊಂಡು ಮೇಲೆ ಹೋಗುವ ಹಾಗೆ ಅದನ್ನು ಮಾಡಿದ್ದಾರೆ. ತನ್ನನ್ನು ಕಾಪಾಡಿಕೊಂಡಿದೆ. ಯಾರ ಹಾಗೆ ಎಂದು ಬರೆಯಬೇಕಾಗಿಲ್ಲ.

ಏಪ್ರಿಲ್ 5, ಶನಿವಾರ

ಟ್ರಾನ್ಸ್‌ಡ್ಯೂಸರಿಗೆ ಹೊಸ ಜಾಗ ಗುರುತು ಮಾಡಲು ಒಬ್ಬರು ಅಳತೆಪಟ್ಟಿ ಹಿಡಿಯಬೇಕಿತ್ತು. ಇವಳನ್ನು ಕರೆದೆ. ಪಟ್ಟಿಯನ್ನು ತಳಕ್ಕೆ ಒತ್ತಿ ಹಿಡಿದುಕೊಂಡು, ಪುಸ್ತಕದ ಚಿತ್ರವನ್ನು ನೋಡುತ್ತಾ ನಿಂತಿದ್ದಳು. ಆಮೇಲೆ ಬಗ್ಗಿ ಎಡಗಡೆಯ ಹಳೆಯ ತೂತುಗಳ ಮೇಲೆ ಬೆರಳಾಡಿಸಿದಳು.

"ಮೊದಲು ಇಲ್ಲಿತ್ತಾ?"

"ಹೂಂ."

"ಚಿತ್ರದಲ್ಲಿ ಈ ಕಡೆ ಕೂರಿಸ್ಬಾರದು ಅಂತ ಕಾಟು ಹಾಕಿದ್ದಾರಲ್ಲ ರೀ."

ನಾನು ಪೆನ್ಸಿಲ್ ಚೂಪು ಮಾಡುತ್ತಲೇ ಇದ್ದೆ. ಬಲಗಡೆ ಹಲಗೆ ಮೆತ್ತಗಿದೆ ಎನ್ನಬಹುದಿತ್ತು. ಆದರೆ ಅವಳ ಕಣ್ಣೆದುರೇ ಬಲಗಡೆ ಕೊರೆಯಲು ನಿಂತಿದ್ದೆ.

"ಗೊತ್ತಾಗ್ದೆ ಹಾಕಿದ್ದಾ? ಗೊತ್ತಿದ್ದೂ ಹಾಕಿದ್ದಾ?"

"ಗೊತ್ತಿತ್ತು."

ಅವಳು ಅಳತೆಪಟ್ಟಿಯನ್ನು ಕೆಳಗಿಡಲಿಲ್ಲ. ನಾನು ಗುರುತು ಹಾಕುವವರೆಗೂ ಹಾಗೆಯೇ ಹಿಡಿದಿದ್ದಳು. ಆಮೇಲೆ ನನ್ನ ಎಡಗಡೆಗೆ ಬಂದು ನಿಂತು, "ನಾನು ಅವನಿಗೆ ಹೇಳಲ್ಲ. ನೀವೇ ಹೇಳ್ಬೇಕು. ಹೇಳೋವರೆಗೂ ನನ್ನ ಜೊತೆ ಮಾತಾಡ್ಬೇಡಿ," ಎಂದಳು.

ಇವಳಿಗೂ ಎಡಗಿವಿಯ ವಿಷಯ ಗೊತ್ತು. ಮತ್ತೆ ನಾನು ಯಾರಿಂದ ಬಚ್ಚಿಡುತ್ತಿದ್ದೆ?

ಏಪ್ರಿಲ್ 9, ಬುಧವಾರ

ತಟ್ಟೆ ಇಡುತ್ತಾಳೆ, ಹೋಗುತ್ತಾಳೆ. ಕಿವುಡನ ಮನೆಯಲ್ಲಿ ಮೌನ ಇಷ್ಟು ಜೋರಾಗಿ ಕೇಳುತ್ತದೆ ಎಂದು ಗೊತ್ತಿರಲಿಲ್ಲ.

ಹಳೆಯ ತೂತುಗಳಿಗೆ ಅಂಟು ತುಂಬಿ ಉಜ್ಜಿದೆ. ಬಣ್ಣ ಹಚ್ಚಲಿಲ್ಲ.

ಏಪ್ರಿಲ್ 12, ಶನಿವಾರ

ದೋಣಿ ನೀರಿಗಿಳಿಸಿ ಒಬ್ಬನೇ ಹೋದೆ. ಪರದೆಯನ್ನು ನೋಡುತ್ತಾ ನಿಧಾನವಾಗಿ ಹೊರಟೆ: ತಳ ಸಿಕ್ಕಿತು. ನಡುವೇಗ: ಸಿಕ್ಕಿತು. ಪೂರ್ತಿ ಜೋರು ಕೊಟ್ಟಾಗ ಗೆರೆ ತುಂಡುತುಂಡಾಯಿತು. ನಿಲ್ಲಿಸಿ, ನಟ್ಟು ಸಡಿಲಿಸಿ, ಮೂರು ಮಿಲಿಮೀಟರ್ ಇಳಿಸಿದೆ. ಮತ್ತೆ ಓಡಿಸಿದೆ. ತಳ ಹಿಡಿಯಿತು, ಆದರೆ ಹಿಂದೆ ನೀರು ಕೋಳಿಯ ಬಾಲದ ಹಾಗೆ ಎದ್ದು ಎಂಜಿನ್ನಿನ ಮೇಲೆ ಬೀಳತೊಡಗಿತು. ಜಾಸ್ತಿ ಇಳಿಸಿದ್ದೆ. ಒಂದು ಮಿಲಿಮೀಟರ್ ಏರಿಸಿ, ಹಿಂದಿನ ತುದಿಯನ್ನು ಒಂದಿಷ್ಟು ತಗ್ಗಿಸಿದೆ. ಆ ಬಿಲ್ಲೆಯ ಮುಖಕ್ಕೆ ಸೋಪಿನ ನೀರು ಸವರಿದೆ. ಅಂಟಿದ ಗಾಳಿಗುಳ್ಳೆ ಬಿಟ್ಟುಹೋಗುತ್ತದಂತೆ.

ಏಳು ಸಲ ಹೋಗಿ ಬಂದೆ. ಮಧ್ಯಾಹ್ನದ ಊಟ ನೆನಪಾಗಲಿಲ್ಲ.

ಬಂದರಿನ ಬಾಯಿ: 11.2. ಮುಳುಗುಬಂಡೆಯ ಪಶ್ಚಿಮಕ್ಕೆ: 3.1, ಆಮೇಲೆ ಒಮ್ಮೆಲೇ 1.4. ಹೊರಗಿನ ಮರಳುದಿಬ್ಬ: 8.

ಏಪ್ರಿಲ್ 17, ಗುರುವಾರ

ಬಂಡೆಯ ಸುತ್ತ ಎಲ್ಲ ಕಡೆಯಿಂದ ಹಾದು ಅಳೆದಿದ್ದೇನೆ. ಎಷ್ಟು ಜೋರಾಗಿ ಹೋದರೂ ಈಗ ತಳ ಬಿಡುವುದಿಲ್ಲ. ಬಂಡೆಗೆ ನಾನು ಅಂದುಕೊಂಡದ್ದಕ್ಕಿಂತ ಉದ್ದದ ಬಾಲವಿದೆ, ಉತ್ತರಕ್ಕೆ. ಇಪ್ಪತ್ತೆಂಟು ವರ್ಷ ಅದರ ಮೇಲೆಯೇ ಓಡಾಡಿದ್ದೇನೆ. ಒಂದು ಕಾಗದದಲ್ಲಿ ಬರೆದು ಪರದೆಯ ಪಕ್ಕ ಅಂಟಿಸಿದೆ.

ದಿಬ್ಬದ ಹೊರಗೆ ಎಂಜಿನ್ ನಿಲ್ಲಿಸಿದಾಗ ಪರದೆಯಲ್ಲಿ ಉಗುರು ಕತ್ತರಿಸಿ ಚೆಲ್ಲಿದ ಹಾಗೆ ಚಿಕ್ಕ ಚಿಕ್ಕ ಬಿಲ್ಲುಗಳು ಬಂದವು. ಮೀನು. ಹಿಂಡು ದಟ್ಟವಾಗಿತ್ತು, ತಳದಿಂದ ಒಂದಾಳುದ್ದ ಮೇಲೆ. ಬಹಳ ಹೊತ್ತು ನೋಡುತ್ತಾ ಕೂತಿದ್ದೆ. ಬಲೆ ತಂದಿರಲಿಲ್ಲ.

ಏಪ್ರಿಲ್ 20, ಭಾನುವಾರ

ಭಾಮೈದ ತೋಳನ್ನು ಜೋಳಿಗೆಯಲ್ಲಿ ಹಾಕಿಕೊಂಡು ಬಂದ. "ಒಂದು ಸುತ್ತು ಕರ್ಕೊಂಡು ಹೋಗಿ ಭಾವ, ಮನೇಲಿ ಕೂತು ಕೂತು ಬೇರು ಬಿಟ್ಟಿದೆ," ಎಂದ. ದೋಣಿಗೆ ಹತ್ತಿಸಿಕೊಂಡೆ. ಅವನು ಪರದೆಯ ಮುಂದೆ ಕೂತ. ಜೋರು ಕೊಟ್ಟೆ.

"ಭಾವ! ನೋಡಿ ಇಲ್ಲಿ! ಬಿಡ್ತಾನೇ ಇಲ್ವಲ್ಲ! ಏನು ಮಾಡಿದ್ರಿ?"

ಎಂಜಿನ್ ನಿಲ್ಲಿಸಿದೆ.

"ಇರ್ಬೇಕಾದ ಜಾಗದಲ್ಲಿ ಕೂರಿಸ್ದೆ."

"ಮತ್ತೆ ಮೊದ್ಲು?"

"ಮೊದ್ಲು ಕೂರಿಸ್ಬಾರದ ಜಾಗದಲ್ಲಿ ಕೂರಿಸಿದ್ದೆ. ಗೊತ್ತಿದ್ದೇ ಕೂರಿಸಿದ್ದೆ. ಅದು ಕೆಲಸ ಮಾಡ್ಬಾರ್ದು ಅಂತ."

ಅವನು ಇನ್ನೂ ನಗುತ್ತಲೇ ಇದ್ದ, ತಮಾಷೆಗೆ ಹೇಳುತ್ತಿದ್ದೇನೆ ಎಂದುಕೊಂಡು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಮತ್ತೆ ಬಾಯಿ ತೆರೆಯುತ್ತಿರಲಿಲ್ಲ. ಬಂಡೆಯ ಪಕ್ಕ ಹನ್ನೊಂದು ಕಂಡದ್ದು, ಹೇಳದೆ ಬಿಟ್ಟದ್ದು, ನಟ್ಟು ಸಡಿಲಿಸಿ ಹಾಗೆಯೇ ಬಿಗಿದದ್ದು, ಸೊಂಟನೋವು ಎಂದು ಸುಳ್ಳು ಹೇಳಿದ್ದು. ಎಲ್ಲವನ್ನೂ ಹೇಳಿದೆ.

ಅವನು ನೀರಿನ ಕಡೆ ತಿರುಗಿದ. ಭುಜ ಅಲುಗಿತು, ಏನೋ ಹೇಳಿದ. ಗಾಳಿ ಆ ಕಡೆಗಿತ್ತು.

"ಕೇಳಿಸ್ಲಿಲ್ಲ," ಎಂದೆ. "ಇನ್ನೊಂದ್ಸಲ ಹೇಳು."

ಎದ್ದು ಬಂದ. ನನ್ನ ಎಡಗಡೆಗೇ ಬಂದು ಕೂತ. ಕೂಗಲಿಲ್ಲ. ಒಂದೊಂದೇ ಮಾತು ಬಿಡಿಸಿ ಹೇಳಿದ.

"ಆಸ್ಪತ್ರೇಲಿ ನಾನು ನಿಮಗೆ ಸಮಾಧಾನ ಹೇಳ್ದೆ ಭಾವ. ನಾನು. ನಿಮಗೆ."

"ಹೂಂ."

"ದಡಕ್ಕೆ ಬಿಡಿ."

ಬಿಟ್ಟೆ. ಇಳಿಯುವಾಗ ಕೈ ಕೊಡಲು ಹೋದೆ, ಹಿಡಿಯಲಿಲ್ಲ. ಒಂದೇ ಕೈಯಲ್ಲಿ ಕಟ್ಟೆ ಹಿಡಿದು ಹತ್ತಿದ.

ಏಪ್ರಿಲ್ 21, ಸೋಮವಾರ

ಇವಳಿಗೆ "ಹೇಳ್ದೆ" ಎಂದೆ. ತಲೆಯಾಡಿಸಿದಳು. ತಟ್ಟೆಗೆ ಬಡಿಸಿ ಎದುರಿಗೆ ಕೂತಳು, ಅಷ್ಟೇ. ಅವನು ಫೋನ್ ಎತ್ತುತ್ತಿಲ್ಲ.

ಏಪ್ರಿಲ್ 25, ಶುಕ್ರವಾರ

ಹರಾಜಿನ ಕಟ್ಟೆಯಲ್ಲಿ ಯಾರೋ, "ಮಷಿನ್ ಕಿತ್ತು ಸಮುದ್ರಕ್ಕೆ ಎಸೆದ್ಯಾ ಕಿವಿಯಣ್ಣ?" ಎಂದರು. ನಾಲ್ಕಾರು ಜನ ನಕ್ಕರು. ನಾನು ಹೇಳಿದೆ: ಮಷಿನ್ ಸರಿಯಿದೆ, ಕೂರಿಸಿದ್ದು ತಪ್ಪಾಗಿತ್ತು, ಕೂರಿಸಿದವನು ನಾನು, ಬೇಕೆಂದೇ ತಪ್ಪಾಗಿ ಕೂರಿಸಿದ್ದೆ. ನನ್ನ ಭಾಮೈದ ನಂಬರ್ ಸರಿಯಾಗಿಯೇ ಓದಿದ್ದ. ನನಗೆ ಎರಡು ವರ್ಷದಿಂದ ಬಲಗಿವಿ ಇಲ್ಲ, ಎಡಗಿವಿ ಅರ್ಧ. ಹುಟ್ಟಿಗೆ ಕಿವಿ ಹಚ್ಚಿದರೂ ಏನೂ ಕೇಳಿಸುವುದಿಲ್ಲ. ನಾನು ಕೈ ತೋರಿಸಿದ ಕಡೆ ಬಲೆ ಬಿಟ್ಟವರೆಲ್ಲ ನನ್ನ ಅಂದಾಜಿಗೆ ಬಿಟ್ಟದ್ದು.

ಯಾರೂ ನಗಲಿಲ್ಲ. ಇಬ್ಬರು ಎದ್ದು ಹೋದರು. ಹರಾಜಿನವನು ಮಾತ್ರ ಹತ್ತಿರ ಬಂದು ಏನೋ ಹೇಳಿದ. ಪಾಪ ಎಂದು ದನಿ ತಗ್ಗಿಸಿದ್ದ. ಇಡೀ ಬಂದರಿನಲ್ಲಿ ನನಗೆ ಸರಿಯಾಗಿ ಕೇಳಿಸುತ್ತಿದ್ದ ಗಂಟಲು ಅದೊಂದೇ.

"ಜೋರಾಗೇ ಹೇಳೋ ಮಾರಾಯ," ಎಂದೆ.

"ನಿಂಗೆ ನಾಚ್ಕೆ ಆಗ್ಬೇಕು ಅಂದೆ!" ಎಂದು ಕೂಗಿದ.

ಆಗುತ್ತಿದೆ ಎಂದೆ.

ಏಪ್ರಿಲ್ 29, ಮಂಗಳವಾರ

ಸಂಜೆ ಬಲೆಯ ಹರಿದ ಕಣ್ಣು ಹೊಲಿಯುತ್ತಾ ಹೊಸ್ತಿಲಲ್ಲಿ ಕೂತಿದ್ದೆ. ಇವಳು ಹಿಂದಿನಿಂದ ಬಂದಳೆಂದು ನೆಲ ನಡುಗಿದ್ದರಿಂದ ತಿಳಿಯಿತು. ಏನೋ ಹೇಳಿದಂತಿತ್ತು. ತಿರುಗಿ, "ಏನಂದೆ? ಕೇಳಿಸ್ಲಿಲ್ಲ," ಎಂದೆ. ಅವಳು ಸುತ್ತಿಕೊಂಡು ಬಂದು ಎಡಗಡೆ ಕೂತು ಮೊದಲಿನಿಂದ ಹೇಳಿದಳು.

"ತಮ್ಮ ಫೋನ್ ಮಾಡಿದ್ದ. ನಾಳೆ ಬೆಳಿಗ್ಗೆ ಐದಕ್ಕೆ ದೋಣಿ ಹತ್ರ ಬರ್ತಾನಂತೆ. ಒಂದು ಕೈಯಲ್ಲಿ ಪರದೆ ನೋಡ್ಬಹುದಂತೆ, ಬಲೆ ನೀವು ಎಳೀಬೇಕಂತೆ."

ಸೂಜಿ ಕೈಯಲ್ಲೇ ನಿಂತಿತು.

"ಕ್ಷಮಿಸಿಲ್ಲ, ಮೀನು ಹಿಡಿಯೋಕೆ ಬರ್ತಿದ್ದೀನಿ ಅಷ್ಟೇ ಅಂತ ನಿಮಗೆ ಸರಿಯಾಗಿ ಕೇಳೋ ಹಾಗೆ ಹೇಳು ಅಂದ. ಕೇಳಿಸ್ತಾ?"

"ಕೇಳಿಸ್ತು."

ನಾಳೆ ಬೆಳಿಗ್ಗೆ ನೀರಿಳಿತ. ಐದಕ್ಕೆ ದೋಣಿ ಕೆಸರಿನಲ್ಲಿ ಕೂತಿರುತ್ತದೆ, ನೀರು ಬಂದು ತೇಲುವುದು ಆರರ ಮೇಲೆ. ಅದನ್ನು ಅವನಿಗೆ ಹೇಳು ಎನ್ನಲು ಬಾಯಿ ತೆರೆದೆ. ಮುಚ್ಚಿಕೊಂಡೆ.

ಐದಕ್ಕೇ ಹೋಗುತ್ತೇನೆ. ನೀರು ಬರುವವರೆಗೆ ಇಬ್ಬರೂ ಕೆಸರಿನಲ್ಲಿ ಒಂದು ಗಂಟೆ ಕೂರಬೇಕಾಗುತ್ತದೆ. ಕೂರೋಣ.